ನಾನು ಚೆನ್ನಾಗಿ ಕಂಡ ಫೋನು

ನಮ್ಮ ಮನೆತನದಲ್ಲಿ ಯಾರಿಗೆ ಯಾವ ಯಂತ್ರ ಬೇಕಾದರೂ ಆರಿಸಿಕೊಡುವ ಜವಾಬ್ದಾರಿ ನನ್ನದು. ಅದನ್ನು ನನಗೆ ಯಾರೂ ವಹಿಸಲಿಲ್ಲ. ನಾನೇ ವಹಿಸಿಕೊಂಡೆ. ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ, ಅದೂ ಮೇಷ್ಟ್ರ ದಾಕ್ಷಿಣ್ಯದಿಂದ. ಆದರೆ ಕತ್ರಿಗುಪ್ಪೆಯಲ್ಲಿ ಅಪ್ಪನ ಹೊಲ ಲೇಔಟ್ ಆದಮೇಲೆ ಉಳಿದ ಸೈಟಿನಲ್ಲಿ ಒಂದು ಕಟ್ಟಡ ಎದ್ದಿತು. ತಿಂಗಳಿಗೊಮ್ಮೆ ಬಾಡಿಗೆ ಕೇಳುವುದು ಬಿಟ್ಟರೆ ನನಗೆ ಬೇರೆ ಉದ್ಯೋಗವಿಲ್ಲ. ಬಿಡುವಿರುವ ಮನುಷ್ಯ ತಜ್ಞನಾಗುವುದಕ್ಕೆ ಎಷ್ಟು ಹೊತ್ತು ಬೇಕು! ಮಿಕ್ಸಿ, ವಾಷಿಂಗ್ ಮೆಷಿನ್, ಬೋರ್‌ವೆಲ್ ಮೋಟರ್, ಎಲ್ಲವೂ ನನ್ನದೇ ಆಯ್ಕೆ. ಅವುಗಳಲ್ಲಿ ಎಷ್ಟು ಈಗಲೂ ಓಡುತ್ತಿವೆ ಎಂಬುದು ಈ ಬರಹದ ವಿಷಯವಲ್ಲ.

ನನ್ನ ತಂಗಿ ಶೋಭಾ ಮದುಮಕ್ಕಳಿಗೆ ಮೇಕಪ್ ಮಾಡುತ್ತಾಳೆ. ನಮ್ಮ ಕಟ್ಟಡದ ಕೆಳಗಿನ ಮುಂದಿನ ರೂಮೇ ಅವಳ ಪಾರ್ಲರ್. ಅವಳಿಗೆ ಗಿರಾಕಿ ಬರುವುದು ಬೋರ್ಡು ನೋಡಿ ಅಲ್ಲ, ಫೋಟೋ ನೋಡಿ. ಎಡಗಡೆ ಮೇಕಪ್‌ಗೆ ಮುಂಚಿನ ಮುಖ, ಬಲಗಡೆ ಮೇಕಪ್ ಆದಮೇಲಿನ ಮುಖ. ಈ ಎರಡರ ನಡುವಿನ ದೂರವೇ ಅವಳ ಅನ್ನ. ಅಂಥ ಹೊತ್ತಿನಲ್ಲಿ ಅವಳ ಹಳೆಯ ಫೋನು ಬಕೆಟ್ಟಿಗೆ ಬಿದ್ದು ತೀರಿಕೊಂಡಿತು. ಅದೇ ವಾರ ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುವ ವಿಮಲಾ ಮೇಡಂ ಅವಳಿಗೆ ಹೇಳಿ ಕಳಿಸಿದ್ದರು: "ನಿಮ್ ಹೊಸ ಕೆಲಸದ್ದು ಒಂದಷ್ಟು ಬಿಫೋರ್-ಆಫ್ಟರ್ ಕಳ್ಸಿ. ಹಿಡಿಸಿದ್ರೆ ಈ ಸೀಸನ್ ನಮ್ಮಲ್ಲಿ ಆಗೋ ಎಲ್ಲಾ ಮದುವೆಗೂ ನಿಮ್ಮನ್ನೇ ಹೇಳ್ತೀನಿ."

ಒಂದು ಸೀಸನ್ನಿನ ಎಲ್ಲಾ ಮದುವೆ! ಶೋಭಾ ಚೀಟಿ ಎತ್ತಿದ ದುಡ್ಡನ್ನು ತಂದು ನನ್ನ ಕೈಗಿಟ್ಟಳು.

"ಅಣ್ಣ, ದೊಡ್ಡ ಫೋನೇ ತಗೊಂಡ್ಬಿಡೋಣ. ನೋಡಿಟ್ಟಿರೋ ಎರಡರಲ್ಲಿ ಯಾವ್ದು ಅಂತ ಗೊತ್ತಾಗ್ತಿಲ್ಲ. ನಂಗೆ ಉಸಿರಾಡೋಕೂ ಪುರಸೊತ್ತಿಲ್ಲ. ನೀನೇ ನೋಡಿ ತಗೊಂಡ್ ಬಾ. ಕ್ಯಾಮೆರಾ ಒಂದು ಚೆನ್ನಾಗಿರ್ಬೇಕು, ಅಷ್ಟೆ."

"ಅಷ್ಟೆ ತಾನೆ?" ಎಂದೆ ನಾನು.

ಆ ಎರಡು ಫೋನುಗಳ ಹೆಸರು ಹೇಳಿ ಯಾವ ಕಂಪನಿಯೊಂದಿಗೂ ಜಗಳ ಕಟ್ಟಿಕೊಳ್ಳುವ ಶಕ್ತಿ ನನಗೀಗ ಇಲ್ಲ. ಒಂದು ಕರಿಯದು, ಇನ್ನೊಂದು ನೀಲಿಯದು ಎಂದುಕೊಳ್ಳಿ. ಎರಡೂ ತಮ್ಮ ತಮ್ಮ ಕುಲದಲ್ಲಿ ಶ್ರೇಷ್ಠ. ಎರಡಕ್ಕೂ ಬೆನ್ನ ಮೇಲೆ ದೊಡ್ಡ ದೊಡ್ಡ ಕಣ್ಣು. ಅಧ್ಯಯನ ಆರಂಭವಾಯಿತು. ಬೆಳಗಿನ ಕಾಫಿಯಿಂದ ರಾತ್ರಿ ಮೊಸರನ್ನದವರೆಗೆ ಯೂಟ್ಯೂಬಿನಲ್ಲಿ ಹೋಲಿಕೆ ವಿಡಿಯೋ ನೋಡಿದೆ. ಒಬ್ಬ ಹುಡುಗ ಕರಿಯದನ್ನು ನೀರಿನಲ್ಲಿ ಅದ್ದಿದ. ಇನ್ನೊಬ್ಬ ನೀಲಿಯದನ್ನು ಮೆಟ್ಟಿಲ ಮೇಲಿಂದ ಬೀಳಿಸಿದ. ಎಲ್ಲರೂ ಬಹಳ ಹೊತ್ತು ಕೈ ಆಡಿಸಿ ಕೊನೆಗೆ, "ಎರಡೂ ಚೆನ್ನಾಗಿವೆ ಫ್ರೆಂಡ್ಸ್, ನಿಮಗೆ ಯಾವ್ದು ಇಷ್ಟಾನೋ ಅದನ್ನ ತಗೊಳ್ಳಿ" ಎಂದರು. ಇದನ್ನು ನನ್ನ ಹೆಂಡತಿ ಸರೋಜ ಯಾವ ವಿಡಿಯೋ ಇಲ್ಲದೆಯೇ ಮೊದಲ ದಿನ ಹೇಳಿದ್ದಳು.

"ರೀ, ಅವಳನ್ನೇ ಕರ್ಕೊಂಡ್ ಹೋಗಿ. ಕೆಲಸ ಮಾಡೋಳು ಅವಳು."

"ಅವಳಿಗೆ ಪ್ರೊಸೆಸರ್ ಬಗ್ಗೆ ಏನ್ ಗೊತ್ತು?"

"ನಿಮಗೇನ್ ಗೊತ್ತು?"

ಇಂಥ ಪ್ರಶ್ನೆಗಳಿಗೆ ತಜ್ಞರು ಉತ್ತರ ಕೊಡುವುದಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟೆ.

ಅಂಗಡಿಯಲ್ಲಿ ಎರಡು ಫೋನುಗಳನ್ನೂ ಅಕ್ಕಪಕ್ಕ ಇಟ್ಟಿದ್ದರು. ಸೇಲ್ಸ್‌ಮನ್ ಬಹಳ ವಿನಯವಂತ. "ಕ್ಯಾಮೆರಾ ಚೆಕ್ ಮಾಡಿ ಸಾರ್, ಎಷ್ಟು ಬೇಕಾದ್ರೂ ತೆಗೀರಿ" ಎಂದ. ಯಾವುದರ ಫೋಟೋ ತೆಗೆಯುವುದು? ಅಂಗಡಿಯಲ್ಲಿ ಮದುಮಗಳು ಯಾರೂ ಇರಲಿಲ್ಲ. ಹತ್ತಿರದಲ್ಲಿದ್ದ ಮುಖ ಒಂದೇ, ನನ್ನದು.

ಮೊದಲು ಕರಿಯದನ್ನು ಎತ್ತಿ ನನ್ನ ಕಡೆ ತಿರುಗಿಸಿ ಒತ್ತಿದೆ. ನೋಡಿದೆ. ಫೋನಿನಲ್ಲಿ ನಮ್ಮ ದೊಡ್ಡಪ್ಪ ಇದ್ದರು! ಕಣ್ಣಿನ ಕೆಳಗೆ ಚೀಲ, ಮೂಗಿನ ಪಕ್ಕ ಗುಳಿ, ಕೂದಲಿಗೆ ಹಚ್ಚಿದ ಡೈ ಹಣೆಗೂ ಹತ್ತಿದ್ದು, ಬೆಳಿಗ್ಗೆ ಶೇವ್ ಮಾಡುವಾಗ ಬಿಟ್ಟುಹೋದ ನಾಲ್ಕು ಬಿಳಿ ಕೂದಲು. ಒಂದನ್ನೂ ಆ ಫೋನು ಬಿಟ್ಟಿರಲಿಲ್ಲ. ಇಷ್ಟು ಸತ್ಯ ಹೇಳುವ ವಸ್ತುವನ್ನು ಮನೆಯೊಳಗೆ ಇಟ್ಟುಕೊಳ್ಳುವುದಾದರೂ ಹೇಗೆ?

ಆಮೇಲೆ ನೀಲಿಯದು. ಒತ್ತಿದೆ. ಆಹಾ! ಮದುವೆಗೆ ಮುಂಚಿನ ನಾನು! ಗಲ್ಲ ನುಣುಪು, ಕಣ್ಣಿನಲ್ಲಿ ಹೊಳಪು, ಮೈಬಣ್ಣದಲ್ಲಿ ನಮ್ಮ ವಂಶದ ಯಾರಿಗೂ ಇಲ್ಲದ ತೇಜಸ್ಸು.

"ಇದೇ ನೋಡಿ ಕ್ಯಾಮೆರಾ ಅಂದ್ರೆ!" ಎಂದೆ.

"ಸಾರ್, ಕರಿಯದ್ರಲ್ಲಿ ಡೀಟೇಲ್ ಜಾಸ್ತಿ ಸಾರ್. ಸ್ಕಿನ್ ಇರೋ ಥರಾನೇ ಬರುತ್ತೆ."

"ಅದೇ ಬೇಡ ಅಂತಿರೋದು."

ಉಭಯ ಫೋನುಗಳ ಪರೀಕ್ಷೆ ಹೀಗೆ ಸರ್ವಸಮ್ಮತವಾಗಿ ಮುಗಿಯಿತು. ಆ ಸರ್ವರೆಂದರೆ ನಾನು.

ಮನೆಗೆ ತಂದು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದೆವು. ಶೋಭಾ ಕೈಗೆ ಕೊಡುವ ಮುಂಚೆ ಅದರಲ್ಲಿ ನನ್ನದೊಂದು ಫೋಟೋ ತೆಗೆದು ನನ್ನ ವಾಟ್ಸಾಪಿಗೆ ಡಿಪಿ ಹಾಕಿಕೊಂಡೆ. ಸಂಜೆಯೊಳಗೆ ಷಡ್ಡಕ ಫೋನ್ ಮಾಡಿ, "ಏನ್ ಭಾವಾ, ಮಗನ ಫೋಟೋ ಹಾಕಿದ್ದೀರಾ? ಹೆಣ್ಣು ನೋಡ್ತಿದ್ದೀರೇನು?" ಎಂದು ವಿಚಾರಿಸಿದ. ನಮಗಿರುವುದು ಒಬ್ಬಳೇ ಮಗಳು ಎಂಬುದೂ ಆ ಕ್ಷಣಕ್ಕೆ ಅವನಿಗೆ ಮರೆತುಹೋಗಿತ್ತು. ಅಂಥ ಕ್ಯಾಮೆರಾ!

ಮೊದಲ ಮದುಮಗಳು ಬಂದಳು. ಪಾಪ, ಪರೀಕ್ಷೆಗೆ ಓದಿ ಓದಿ ಕಣ್ಣು ಕಪ್ಪಾಗಿ, ಗಲ್ಲದ ತುಂಬ ಮೊಡವೆ ಎದ್ದಿದ್ದ ಹುಡುಗಿ. ಶೋಭಾ ಒಂದು ಫೋಟೋ ತೆಗೆದುಕೊಂಡಳು, ಬೆಳಗಿನ ಜಾವದಿಂದ ಬಗ್ಗಿ ನಿಂತು ಕೆಲಸ ಮಾಡಿದಳು, ಇನ್ನೊಂದು ಫೋಟೋ ತೆಗೆದಳು. ಎರಡನ್ನೂ ಪಕ್ಕಪಕ್ಕ ಜೋಡಿಸಿದಳು.

ಎಡಗಡೆ ಚೆಲುವೆ. ಬಲಗಡೆ, ಒಡವೆ ಹಾಕಿಕೊಂಡ ಅದೇ ಚೆಲುವೆ.

ಮೊಡವೆ ಎಲ್ಲಿ? ಕಪ್ಪು ಎಲ್ಲಿ? ಫೋನು ಶೋಭಾಗಿಂತ ಮೊದಲೇ ಕೆಲಸ ಮುಗಿಸಿಬಿಟ್ಟಿತ್ತು, ಅದೂ ಪುಕ್ಕಟೆ! ಫೋಟೋ ನೋಡಿದ ಹುಡುಗಿಯ ಸೋದರತ್ತೆ ಮುಖ ಗಂಟಿಕ್ಕಿ ಕೇಳಿದರು: "ಅಲ್ಲಮ್ಮಾ, ಮುಂಚೇನೇ ಚೆನ್ನಾಗಿದ್ಳಲ್ಲ. ಈಗ ಈ ಮೇಕಪ್ಪನ್ನ ಅಳ್ಸೋಕೆ ಎಷ್ಟು ಚಾರ್ಜು?"

ಶೋಭಾ ಫೋನು ಹಿಡಿದು ಮಹಡಿ ಹತ್ತಿ ಬಂದಳು. "ಅಣ್ಣ, ಇದ್ರಲ್ಲಿ ಏನೋ ಸರಿ ಇಲ್ಲ ಅನ್ಸುತ್ತೆ."

ನನಗೆ ಆಗಲೇ ಗೊತ್ತಾಯಿತು. ಆಗಲೇ ಹೇಳಬಹುದಿತ್ತು. ಆದರೆ ತಜ್ಞನ ಬಾಯಿಂದ ಬಂದದ್ದು ಬೇರೆ.

"ಪೂಜೆ ಕುಂಕುಮ ಲೆನ್ಸಿಗೆ ಹತ್ತಿರ್ಬೇಕು. ಒರೆಸು."

ಅವಳು ಒರೆಸಿದಳು. ಮೂರು ಕಣ್ಣುಗಳನ್ನೂ ಮೆತ್ತಗಿನ ಬಟ್ಟೆಯಲ್ಲಿ, ಮಗುವಿನ ಮುಖ ಒರೆಸಿದ ಹಾಗೆ. ಮರುದಿನದ ಮದುಮಗಳು ಇನ್ನೂ ಚೆನ್ನಾಗಿ ಬಂದಳು.

ನಾನು ಯಾರಿಗೂ ಹೇಳದೆ ಫೋನನ್ನು ತೆಗೆದುಕೊಂಡು ಅಂಗಡಿಗೆ ಓಡಿದೆ. ವಿನಯವಂತ ಸೇಲ್ಸ್‌ಮನ್ ಅಲ್ಲೇ ಇದ್ದ.

"ಬಾಕ್ಸ್ ಓಪನ್ ಆದ್ಮೇಲೆ ರಿಟರ್ನ್ ಇಲ್ಲ ಸಾರ್. ಪ್ರಾಬ್ಲಂ ಏನು?"

"ಎಲ್ರೂ ಚೆನ್ನಾಗಿ ಕಾಣ್ತಾರೆ."

ಅವನು ನನ್ನನ್ನು ಒಂದು ಸಲ, ಫೋನನ್ನು ಒಂದು ಸಲ ನೋಡಿದ. "ಸಾರ್, ಇದನ್ನ ಕಂಪ್ಲೇಂಟ್ ಅಂತ ಹೇಗ್ ಸಾರ್ ಬರ್ಕೊಳ್ಳೋದು?"

ಒಳ್ಳೆಯ ಪ್ರಶ್ನೆ. ಈ ಚೆಂದವನ್ನು ಫೋನಿನೊಳಗೇ ಕಡಿಮೆ ಮಾಡಬಹುದೇ ಎಂದು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಕೇಳಲಿಲ್ಲ. ತಜ್ಞರು ಸೇಲ್ಸ್‌ಮನ್‌ಗಳನ್ನು ಕೇಳುತ್ತಾರೆಯೇ?

ವಾಪಸು ಬರುವಾಗ ಆಟೋದಲ್ಲಿ ಸ್ವಂತ ಉಪಾಯವೊಂದು ಹೊಳೆಯಿತು. ಬೆಳಕು! ಮುಂಚಿನ ಫೋಟೋವನ್ನು ಕೆಟ್ಟ ಬೆಳಕಿನಲ್ಲಿ ತೆಗೆದರೆ ಮುಖ ಕೆಟ್ಟದಾಗಿಯೇ ಬರಬೇಕಲ್ಲವೇ? ನಮ್ಮ ಕಟ್ಟಡದಲ್ಲಿ ಅತ್ಯಂತ ಕೆಟ್ಟ ಬೆಳಕಿರುವುದು ಮೆಟ್ಟಿಲ ಕೆಳಗಿನ ಪಂಪ್ ರೂಮಿನಲ್ಲಿ. ಮೂರನೆಯ ಮದುಮಗಳನ್ನು ಅಲ್ಲಿಗೆ ಕರೆದೊಯ್ದು, ಮೋಟರಿಗೂ ಹಳೆಯ ಬಕೆಟ್ಟುಗಳಿಗೂ ನಡುವೆ ನಿಲ್ಲಿಸಲಾಯಿತು. ಶೋಭಾಗೆ ಮನಸ್ಸಿರಲಿಲ್ಲ. "ಸ್ಟುಡಿಯೋದವರೂ ಹೀಗೇ ಮಾಡೋದು" ಎಂದು ನಾನೇ ಒಪ್ಪಿಸಿದೆ.

ನೀಲಿ ಫೋನು ಕತ್ತಲನ್ನು ಕಂಡು ಹುರುಪುಗೊಂಡಿತು. ಅದರ ನಿಜವಾದ ಪ್ರತಿಭೆ ಇರುವುದೇ ಕತ್ತಲಿನಲ್ಲಂತೆ! ಹುಡುಗಿಯ ಮುಖ ಬೆಳದಿಂಗಳಿನಲ್ಲಿ ತೊಳೆದಂತಿತ್ತು. ಹಿಂದಿದ್ದ ಪಂಪು ಕೂಡ ಎಷ್ಟು ಮುದ್ದಾಗಿ ಬಂದಿತ್ತೆಂದರೆ ನನಗೆ ಅದು ನಮ್ಮದೇ ಎಂದು ನಂಬುವುದೇ ಕಷ್ಟವಾಯಿತು.

ಅಷ್ಟರಲ್ಲಿ ಹುಡುಗಿಯ ತಾಯಿ ಮಗಳನ್ನು ಹುಡುಕಿಕೊಂಡು ಬಂದರು. "ಏನ್ರೀ ಇದು! ಧಾರೆಗೆ ಹೋಗೋ ಹುಡುಗೀನ ಪಂಪ್ ರೂಮಲ್ಲಿ ನಿಲ್ಸಿದ್ದೀರಾ? ಯಾರ್ರೀ ನೀವು?"

"ನಾನು ಓನರು."

"ಓನರಾದ್ರೆ?"

ನಾನು ಪಂಪಿನ ಸ್ವಿಚ್ಚು ಪರೀಕ್ಷಿಸುವವನಂತೆ ಆ ಕಡೆ ತಿರುಗಿದೆ.

ಶೋಭಾ ಇದ್ದ ಫೋಟೋಗಳನ್ನೇ ಕಳಿಸಿದ್ದಳು. ವಿಮಲಾ ಮೇಡಂ ಆ ವಾರದ ಕೊನೆಗೆ ಫೋನ್ ಮಾಡಿದರು. ನಾನು ಪಾರ್ಲರಿನ ಬಾಗಿಲಲ್ಲೇ ಇದ್ದೆ. ಶೋಭಾ ಸ್ಪೀಕರ್ ಹಾಕಿದಳು, ಒಳ್ಳೆಯ ಸುದ್ದಿ ಎಲ್ಲರೂ ಕೇಳಲಿ ಎಂದು. ಸರೋಜ ಕಾಫಿ ಲೋಟ ಹಿಡಿದು ಬಂದಿದ್ದಳು.

"ತಪ್ಪು ತಿಳ್ಕೋಬೇಡಿ ಶೋಭಾ. ಫೋಟೋ ನೋಡ್ದೆ. ಹುಡುಗೀರೆಲ್ಲಾ ಚೆನ್ನಾಗಿದ್ದಾರೆ. ಆದ್ರೆ ನೀವು ಏನ್ ಮಾಡಿದ್ರಿ ಅನ್ನೋದೇ ಕಾಣ್ಲಿಲ್ಲ. ಬೇರೆಯವ್ರಿಗೆ ಹೇಳ್ಬಿಟ್ಟೆ. ಮುಂದೆ ನೋಡೋಣ, ಆಯ್ತಾ?"

ಶೋಭಾ "ಆಯ್ತು ಮೇಡಂ" ಎಂದಳು. ಫೋನನ್ನು ಮೆಲ್ಲಗೆ ಇಟ್ಟಳು. ಬ್ರಶ್ಶುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕತೊಡಗಿದಳು. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಣ್ಣ, ನನ್ ಕೈಲಿ ಮೊದಲಿನ ಹಾಗೆ ಆಗ್ತಿಲ್ಲ ಅನ್ಸುತ್ತೆ. ಕನ್ನಡಿಯಲ್ಲಿ ನೋಡ್ದಾಗ ಸರಿಯಾಗೇ ಕಾಣುತ್ತೆ. ಫೋಟೋದಲ್ಲಿ ನೋಡಿದ್ರೆ ಏನೂ ಮಾಡೇ ಇಲ್ಲ ಅನ್ನೋ ಹಾಗಿದೆ. ಕಣ್ಣು ಹೋಗಿದ್ಯೋ, ಕೈ ಹೋಗಿದ್ಯೋ. ಈ ಸೀಸನ್ ಮುಗಿಸಿ ಬಿಟ್ಬಿಡ್ತೀನಿ."

ನನ್ನ ತಂಗಿ ಹದಿನೆಂಟರ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ. ನನ್ನ ನುಣುಪು ಗಲ್ಲಕ್ಕಾಗಿ ಅವಳು ತನ್ನ ಕೈಯನ್ನೇ ಅನುಮಾನಿಸುತ್ತಿದ್ದಳು. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಅದು ಮದುಮಕ್ಕಳು ಕೂರುವ ಸ್ಟೂಲು.

"ಶೋಭಾ, ನಿನ್ ಕೈ ಸರಿಯಾಗೇ ಇದೆ. ಫೋನು ತಪ್ಪು. ಇನ್ನೊಂದ್ ಇತ್ತಲ್ಲ, ಕರಿಯದು, ಅದ್ರಲ್ಲಿ ಮುಖ ಇರೋ ಹಾಗೇ ಬರುತ್ತೆ. ಅಂಗಡಿಯವನೂ ಅದೇ ತಗೊಳ್ಳಿ ಅಂದ."

"ಮತ್ತೆ?"

"ಅದ್ರಲ್ಲಿ ನಾನು ಚೆನ್ನಾಗ್ ಕಾಣ್ಲಿಲ್ಲ."

ಶೋಭಾ ನನ್ನನ್ನೇ ನೋಡಿದಳು. "ನೀನ್ಯಾಕೆ ಚೆನ್ನಾಗ್ ಕಾಣ್ಬೇಕಿತ್ತು?"

ಐವತ್ತು ದಾಟಿದ ಗಂಡಸಿಗೆ ಇದಕ್ಕಿಂತ ಕ್ರೂರವಾದ, ಇದಕ್ಕಿಂತ ನ್ಯಾಯವಾದ ಪ್ರಶ್ನೆಯನ್ನು ಯಾರೂ ಕೇಳಿರಲಾರರು.

ಸರೋಜ ಲೋಟ ಕೆಳಗಿಟ್ಟಳು. "ನಂಗೆ ಡಿಪಿ ನೋಡ್ದಾಗ್ಲೇ ಗೊತ್ತಾಯ್ತು. ಯಾರಪ್ಪಾ ಈ ಗಂಡಸು ಅಂತ ಜೂಮ್ ಮಾಡಿ ನೋಡ್ದೆ. ಶರ್ಟಿಂದ ಕಂಡುಹಿಡಿದೆ."

"ಗೊತ್ತಿದ್ರೆ ಯಾಕ್ ಹೇಳ್ಲಿಲ್ಲ?"

"ನೀವೇ ಹೇಳ್ತೀರೇನೋ ಅಂತ ಕಾದೆ. ಕುಂಕುಮ ಅಂದ್ರಿ, ಪಂಪ್ ರೂಮ್ ಅಂದ್ರಿ. ನೋಡೋಣ ಎಲ್ಲಿವರೆಗೆ ಹೋಗ್ತೀರ ಅಂತ ಸುಮ್ನಿದ್ದೆ."

ಶೋಭಾ ಸಿಟ್ಟಿನಿಂದ ಫೋನೆತ್ತಿಕೊಂಡು ಅದರ ಹೊಟ್ಟೆಯೊಳಗೆಲ್ಲ ಹುಡುಕಿದಳು. ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು ಬಾಗಿಲು ತೆರೆದು ಹೋದ ಮೇಲೆ, ಬೆರಳಿನಿಂದ ಏರಿಸಿ ಇಳಿಸುವ, ಮುಖವನ್ನು ಚೆಂದ ಮಾಡುವ ಒಂದು ಗೆರೆ ಸಿಕ್ಕಿತು. ಅದು ತುದಿಯವರೆಗೆ ಎಳೆದೇ ಇತ್ತು. ಅದನ್ನು ಇಳಿಸುತ್ತ ಹೋದರೆ ಸರಿಹೋಗಬಹುದು. ಆದರೆ ಸರಿಯಾಯಿತೆಂದು ತಿಳಿಯುವುದು ಹೇಗೆ? ಪರೀಕ್ಷೆಗೆ ಒಂದು ಮುಖ ಬೇಕು.

"ಅಣ್ಣ, ಅಲ್ಲಾಡ್ದೆ ಕೂತ್ಕೋ."

ಅವಳು ಗೆರೆಯನ್ನು ಸ್ವಲ್ಪ ಇಳಿಸಿ ಒಂದು ಫೋಟೋ ತೆಗೆದಳು. ಮತ್ತೆ ಸ್ವಲ್ಪ, ಮತ್ತೊಂದು. ಪ್ರತಿಸಲ ಗೆರೆ ಇಳಿದಂತೆ ನನಗೆ ಐದೈದು ವರ್ಷ ಏರಿತು. ಹೊಳಪು ಹೋಯಿತು. ನುಣುಪು ಹೋಯಿತು. ಚೀಲಗಳು ಬಂದವು. ಒಂದೇ ಕಡೆ ಕೂತು ಇಷ್ಟು ಬೇಗ ಮುದುಕನಾದವರು ಬೇರೆ ಯಾರೂ ಇರಲಿಕ್ಕಿಲ್ಲ!

"ಅತ್ತಿಗೆ, ಈಗ?"

"ಇನ್ನೂ ಸ್ವಲ್ಪ ಇಳಿಸು. ಇದು ಇವರ ತಮ್ಮನ ಹಾಗಿದೆ."

ನನಗೆ ತಮ್ಮನಿಲ್ಲ. ಶೋಭಾ ಗೆರೆಯನ್ನು ಕೊನೆಯವರೆಗೆ ಇಳಿಸಿ ಒತ್ತಿದಳು. ಸರೋಜ ಬಗ್ಗಿ ನೋಡಿದಳು.

"ಹಾಂ. ಈಗ ಇವರೇ."

ಶೋಭಾ ಅಂದು ಮೊದಲ ಸಲ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ವಿಮಲಾ ಮೇಡಂ ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಆ ಸೀಸನ್ ಹೋಯಿತು. ಅದನ್ನು ನಾನು ಯಾವ ಅಂಗಡಿಯಿಂದಲೂ ತಂದುಕೊಡಲಾರೆ. ಆ ಮಂಟಪದ ಮುಂದೆ ಹೋಗುವಾಗ ದೀಪ ಹಾಕಿದ್ದರೆ ಈಗಲೂ ತಲೆ ತಗ್ಗಿಸುತ್ತೇನೆ. ಆದರೆ ಅದರ ಮರುವಾರ ಬಂದ ಮದುಮಗಳ ಎಡಗಡೆಯ ಫೋಟೋದಲ್ಲಿ ಮೊಡವೆ ಮೊಡವೆಯಾಗಿಯೇ ಇತ್ತು. ಬಲಗಡೆಯದನ್ನು ನೋಡಿ ಅವಳ ಮನೆಯವರು "ಅಯ್ಯೋ, ಇದು ನಮ್ ಹುಡುಗೀನೇನಾ!" ಎಂದು ಕೂಗಿದರು. ಶೋಭಾ ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಫೋನಿನ ಮೇಲೆ ಮಾತ್ರ ಅವಳಿಗೆ ನಂಬಿಕೆ ಬಂದಿಲ್ಲ. ಅಪ್‌ಡೇಟ್ ಆದಾಗ ಅದು ತನ್ನ ಹಳೆಯ ಚಾಳಿಗೆ ತಿರುಗುತ್ತದೆ. ಆದ್ದರಿಂದ ಪ್ರತಿ ಮದುಮಗಳಿಗೂ ಮುಂಚೆ, ಬೆಳಗಿನ ಜಾವ, ಮೆಟ್ಟಿಲ ಕೆಳಗಿನಿಂದ ಕೂಗು ಬರುತ್ತದೆ: "ಅಣ್ಣಾ, ಬಾ, ಚೆಕ್ ಮಾಡ್ಬೇಕು!" ನಾನು ಹಾಸಿಗೆಯಿಂದ ಎದ್ದವನು ಎದ್ದ ಹಾಗೆಯೇ ಇಳಿದು ಹೋಗಿ ಸ್ಟೂಲಿನ ಮೇಲೆ ಕೂರುತ್ತೇನೆ. ಮುಖ ತೊಳೆಯುವಂತಿಲ್ಲ. ಅವಳು ಫೋಟೋ ತೆಗೆದು, ದೊಡ್ಡದು ಮಾಡಿ, ನನ್ನ ಒಂದೊಂದು ಸುಕ್ಕನ್ನೂ ಹಾಜರಿ ಕರೆದಂತೆ ನೋಡಿ, "ಸರಿ ಇದೆ" ಎನ್ನುತ್ತಾಳೆ. ಮದುಮಗಳು, ಅವಳ ತಾಯಿ, ಸರೋಜ, ಎಲ್ಲರೂ ನೆಮ್ಮದಿಯಿಂದ ಉಸಿರು ಬಿಡುತ್ತಾರೆ.

ಮೊನ್ನೆ ಒಂದು ಫೋಟೋದಲ್ಲಿ ನಾನು ಸ್ವಲ್ಪ ಚೆನ್ನಾಗಿ ಕಂಡೆ. ಶೋಭಾ ಗಾಬರಿಯಾಗಿ ಫೋನನ್ನು ಆಫ್ ಮಾಡಿ ಆನ್ ಮಾಡಿದಳು.