ಹೊಳಲ್ಕೆರೆ, ಹಿರಿಯೂರಿನ ಮೇಲೆ

ಟಿಕೆಟ್ ಮಷೀನು ಹೊಳಲ್ಕೆರೆಗೆ ಹೋಗುವವರನ್ನೆಲ್ಲ ಹಿರಿಯೂರಿನ ಮೇಲೆ ಕಳಿಸತೊಡಗಿದ್ದೇ ಎಲ್ಲಕ್ಕೂ ಮೂಲ. ಚಿತ್ರದುರ್ಗದಿಂದ ಹೊಳಲ್ಕೆರೆ ಒಂದು ದಿಕ್ಕು, ಹಿರಿಯೂರು ಇನ್ನೊಂದು ದಿಕ್ಕು. ಊರಿನ ಎಮ್ಮೆಗಳಿಗೂ ಗೊತ್ತಿರುವ ಸಂಗತಿ ಮಷೀನಿಗೆ ಮಾತ್ರ ಗೊತ್ತಿರಲಿಲ್ಲ.

"ಪ್ರಸನ್ನಣ್ಣ, ಒಬ್ಬ ಅಜ್ಜಿ ಟಿಕೇಟ್ ಓದಿಸ್ಕೊಂಡು ಬಸ್ಸಿಂದ ಇಳಿದೇ ಬಿಡ್ತು," ಎಂದು ಕಂಡಕ್ಟರ್ ಹಜರತ್ ಅಲಿ ಬೆಳಿಗ್ಗೆಯೇ ಫೋನ್ ಮಾಡಿದ. "ಅದರ ಹಿಂದೆ ಅರ್ಧ ಬಸ್ಸು ಇಳೀತು. ನಾನೂ ಇಳಿಯಾಣ ಅಂತಿದ್ದೀನಿ."

ಪ್ರಸನ್ನಕುಮಾರ್ ಖಾಸಗಿ ಬಸ್ಸುಗಳ ಟಿಕೆಟ್ ಮಷೀನಿಗೆ ಸಾಫ್ಟ್‌ವೇರ್ ಬರೆಯುವ ದುರ್ಗದ ಪುಟ್ಟ ಕಂಪನಿಯ ಹಳೆಯ ಎಂಜಿನಿಯರ್. ಬರೆಯುವುದೆಲ್ಲ ಹಿಂದಿನ ಮಾತು. ಮಾಲೀಕ ದುರ್ಗೇಶ್ ಎಐಗೆ ವರ್ಷದ ಚಂದಾ ಕಟ್ಟಿದ ಮೇಲೆ ಎಐ ಬರೆಯುತ್ತದೆ, ಪ್ರಸನ್ನಕುಮಾರ್ ಓದುತ್ತಾನೆ. ಇವನು ಚಹಾ ಕುಡಿದು ಬರುವಷ್ಟರಲ್ಲಿ ಅದು ಸಾವಿರ ಸಾಲು ಸುರಿದಿರುತ್ತದೆ. ಓದಿ ಓದಿ ಅವನ ಜೀವ ಹಣ್ಣಾಗಿತ್ತು.

ಕಟ್ಟಿದ ಚಂದಾ ದಂಡವಾಗಬಾರದೆಂದು ದುರ್ಗೇಶ್ ಕೈಯಾರೆ ಕೋಡ್ ಬರೆಯುವುದನ್ನೇ ನಿಷೇಧಿಸಿದ್ದ. ಕದ್ದು ಬರೆದವರು ನೇರ ಹಿರಿಯೂರಿನ ಶಾಖೆಗೆ. ಅಲ್ಲಿ ಗಿರಾಕಿಗಳ ಫೋನ್ ಎತ್ತಿ ಬೈಸಿಕೊಳ್ಳುವುದೊಂದೇ ಕೆಲಸ. ಹೋದ ವರ್ಷ ಅಲ್ಲಿಗೆ ಹೋದ ಕರಿಸಿದ್ದಪ್ಪ ಈಗ ಹೆಂಡತಿ ಊಟಕ್ಕೆ ಕರೆದರೂ "ತೊಂದರೆಗೆ ಕ್ಷಮಿಸಿ" ಎನ್ನುತ್ತಾನಂತೆ. ತನಗೆ ಆ ಗತಿ ಬರಬಾರದೆಂಬುದೊಂದೇ ಪ್ರಸನ್ನಕುಮಾರನ ಆಸೆ.

ಹಾಳಾದ ಕೋಡು ಸಹೋದ್ಯೋಗಿ ಅನುಷಾಳದ್ದು, ಅಂದರೆ ಅವಳ ಎಐನದ್ದು. ಅದು ಊರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ಬಸ್ಸು ಅದೇ ಸಾಲಿನಲ್ಲಿ ಓಡಲಿ ಎಂದಿತ್ತು.

"ನಾನು ಓದೋಕ್ ಮುಂಚೆ ಮಷೀನಿಗೆ ಯಾಕಮ್ಮ ಕಳಿಸ್ದೆ?"

"ನೀವು ಓದೋದು ತಡ ಆಗುತ್ತೆ, ಕಳಿಸ್ಬಿಡು ಅಂದ್ರು ಬಾಸು. ಪರೀಕ್ಷೆ ಎಲ್ಲಾ ಪಾಸಾಗೈತೆ ಸಾರ್. ಪರೀಕ್ಷೆನೂ ಎಐನೇ ಬರೆದಿದ್ದು."

"ಪ್ರಶ್ನೆ ತೆಗೆದೋನೇ ಉತ್ತರ ಬರೆದು ಮಾರ್ಕ್ಸೂ ಹಾಕ್ಕಂಡ್ರೆ ಫೇಲಾಗೋರ್ ಯಾರು?" ಎಂದ ಪ್ರಸನ್ನಕುಮಾರ್. "ಅದು ಬರೀಲಿ, ಬ್ಯಾಡ ಅನ್ನಲ್ಲ. ಬರೆದಿದ್ದನ್ನ ಒಬ್ಬರಾದ್ರೂ ಓದ್ಬೇಕಲ್ಲ ತಾಯಿ."

ಅನುಷಾ ಎಐಯನ್ನು ಮತ್ತೆ ಕೇಳಿದಳು. ಅದು ಬಹಳ ವಿನಯದಿಂದ ತಪ್ಪೊಪ್ಪಿಕೊಂಡು ಸಾಲನ್ನು ತಿರುಗಿಸಿತು. ಈಗ ದುರ್ಗದಲ್ಲಿ ನಿಂತ ಬಸ್ಸು ಮಷೀನಿನ ಪ್ರಕಾರ ಹೊಸದುರ್ಗದಿಂದ ಹೊರಟಿತ್ತು. ಮೂರನೇ ಸಲ ಕೇಳಿದಾಗ ಗೊಂದಲಕ್ಕೆ ಹೊಳಲ್ಕೆರೆಯೇ ಕಾರಣವೆಂದು ತೀರ್ಮಾನಿಸಿ ಆ ಊರನ್ನೇ ತೆಗೆದುಹಾಕಿತು. ಹಜರತ್ ಅಲಿ ಫೋನಿನಲ್ಲಿ ಉರ್ದುವಿಗೆ ಇಳಿದ.

"ಸ್ವಲ್ಪ ಮರ್ಯಾದೆ ಕೊಟ್ಟು ಕೇಳಮ್ಮ, ಪ್ಲೀಸ್ ಅನ್ನು," ಎಂದು ದುರ್ಗೇಶ್ ಅವಳ ಬೆನ್ನ ಹಿಂದೆಯೇ ನಿಂತ.

ಪ್ರಸನ್ನಕುಮಾರನಿಗೆ ತಡೆಯಲಾಗಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗಿನ ಹೋಟೆಲಿನ ಮೂಲೆಯಲ್ಲಿ ಕುಳಿತು, ಗೋಡೆಗೆ ಬೆನ್ನು ಕೊಟ್ಟು, ಕಳ್ಳನಂತೆ ಕೈಯಾರೆ ಕೋಡ್ ಬರೆದ. ಒಂದು ಪುಟವೂ ಆಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬೆರಳುಗಳಿಗೆ ಜೀವ ಬಂದಂತಾಗಿ, ಮಂಡಕ್ಕಿಯ ಜೊತೆ ಕಚ್ಚಿದ ಮೆಣಸಿನಕಾಯಿಯ ಖಾರವೂ ಹಿತವೆನಿಸಿತು.

ಮಧ್ಯಾಹ್ನ ಹೊಳಲ್ಕೆರೆ ಸ್ವಸ್ಥಾನಕ್ಕೆ ಮರಳಿತು. ಹಜರತ್ ಅಲಿ ಕನ್ನಡಕ್ಕೆ ಮರಳಿದ.

"ಇಷ್ಟು ಚಿಕ್ಕದಾಗಿ, ಅಚ್ಚುಕಟ್ಟಾಗಿ ಯಾರ್ರಿ ಬರೆದಿದ್ದು?" ದುರ್ಗೇಶ್ ಹೊಸ ಕೋಡ್ ನೋಡಿ ಕನ್ನಡಕ ಏರಿಸಿದ.

ಪ್ರಸನ್ನಕುಮಾರನ ಕಣ್ಣ ಮುಂದೆ ಕರಿಸಿದ್ದಪ್ಪ ಬಂದ. "ಎಐನೇ ಸಾರ್," ಎಂದ.

"ನಂಗೂ ಅದರ ಹತ್ರ ಹೆಂಗ್ ಕೇಳ್ಬೇಕು ಹೇಳಿಕೊಡ್ರಿ ಸಾರ್," ಎಂದು ಅನುಷಾ ಕುರ್ಚಿ ಎಳೆದುಕೊಂಡು ಬಂದಳು. ಪ್ರಸನ್ನಕುಮಾರ್ ಬೆವರು ಒರೆಸಿಕೊಂಡ.

ಸಂಜೆ ದುರ್ಗೇಶ್ ಅವನನ್ನು ಒಳಗೆ ಕರೆದು ಕೂರಿಸಿ, ಕಾಫಿ ತರಿಸಿದ. ಸಂಬಳವೇ ಏರುತ್ತದೆಂದು ಪ್ರಸನ್ನಕುಮಾರ್ ಅಂದುಕೊಂಡ.

"ಕಾಫಿ ಕುಡೀರಿ. ಎಐ ಇಷ್ಟು ಚೆನ್ನಾಗಿ ಬರೆಯೋಕೆ ಶುರು ಮಾಡೈತೆ. ಇನ್ನು ಅದನ್ನ ಓದೋಕೆ ಅಂತ ಒಬ್ಬರು ಬೇಕಾಗಿಲ್ಲ. ನೀವು ಸೋಮವಾರದಿಂದ ಹಿರಿಯೂರಿಗೆ ಹೋಗಿ ಫೋನ್ ನೋಡ್ಕಳ್ರಿ."

ಬಾಯಿಗೆ ಹೋದ ಕಾಫಿ ಮೂಗಿಗೆ ಬಂತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವನಿಗೆ ಅನಿಸಿತು.

"ಸಾರ್, ಅದು ಎಐ ಬರೆದಿದ್ದಲ್ಲ. ನಾನೇ ಕೆಳಗೆ ಹೋಟ್ಲಲ್ಲಿ ಕೂತ್ಕಂಡು ಕೈಯಾರೆ ಬರೆದಿದ್ದು."

ದುರ್ಗೇಶ್ ಅವನ ಮುಂದಿದ್ದ ಕಾಫಿ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡ.

"ಹಂಗಾದ್ರೆ ಸೋಮವಾರದವರೆಗೂ ಕಾಯೋದು ಬ್ಯಾಡ. ನಾಳೆನೇ ಹೋಗ್ರಿ."