ಮಗನ ಗದ್ದ ಹಿಡಿದ ಫೋಟೋಗಳು

ನಾನು ಓದಿದ್ದು ಎರಡನೇ ಇಯತ್ತೆ. ಮಂದಿಯ ತಪ್ಪು ಹುಡುಕಲು ಅಷ್ಟು ಓದು ಧಾರಾಳವಾಯಿತು. ನನ್ನ ತಪ್ಪು ಹುಡುಕಲು ಮಾತ್ರ ಒಂದು ಯಂತ್ರವೇ ಬರಬೇಕಾಯಿತು.

ನನ್ನ ಮಗ ಬಸವರಾಜ ಸಿಂಧನೂರಿನ ರಹೀಂಸಾಬರ ಬಾಡಿಗೆ ಕಾರು ಓಡಿಸುತ್ತಾನೆ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮೊಬೈಲು. ಹೋದ ಸುಗ್ಗಿಯಲ್ಲಿ ಹಾಗೆ ನೋಡುತ್ತಲೇ ಸಾಲಗುಂದದ ರಸ್ತೆಯಲ್ಲಿ ಒಣಹಾಕಿದ ಭತ್ತದ ಮೇಲೆ ಕಾರು ಹತ್ತಿಸಿ, ಅಲ್ಲಿನ ಹೆಂಗಸರಿಂದ ನಮ್ಮ ಮನೆತನಕ್ಕೆಲ್ಲ ಮಂಗಳಾರತಿ ಮಾಡಿಸಿದ್ದ. ನಾನೇ ಹೋಗಿ, "ಇವನ ಕಣ್ಣಿಗೊಂದು ಕಾವಲು ಹಾಕ್ರಿ ಸಾಬರ" ಅಂದೆ. ಅವರು ಕ್ಯಾಮೆರಾ ಕೂಡಿಸಿದರು. ಡ್ರೈವರನ ಮುಖ ರಸ್ತೆ ಬಿಟ್ಟು ತಿರುಗಿದರೆ ಅದು ಕುಂಯ್ ಅನ್ನುತ್ತದೆ, ಫೋಟೋ ಹೊಡೆದು ಸಾಬರಿಗೆ ಕಳಿಸುತ್ತದೆ. ದಿನಕ್ಕೆ ಹತ್ತು ದಾಟಿದರೆ ಕಾರಿನ ಕೀಲಿ ಬೇರೆಯವನಿಗೆ.

ಮೊನ್ನೆ ಲಿಂಗಸುಗೂರಿನಲ್ಲಿ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಮಗನಿಗೂ ಅಲ್ಲಿಂದಲೇ ಬಾಡಿಗೆ ಇತ್ತು, ಅವನ ಖಾಲಿ ಕಾರಿನಲ್ಲೇ ಹೊರಟೆ. ಮುಂದಿನ ಸೀಟಿನಲ್ಲಿ ಕೂತು ಸೊಸೆಯ ವಿಷಯ ತೆಗೆದೆ. ಅವನು ರಸ್ತೆ ನೋಡುತ್ತಲೇ "ಹೂಂ" ಅಂದ. ಹಿರಿಯರು ಮಾತಾಡಿದರೆ ಮುಖ ನೋಡಿ ಓಗೊಡಬೇಕೆಂದು ಸೌಟಿನಿಂದ ಬಡಿದು ಕಲಿಸಿದವಳು ನಾನು. ಗದ್ದ ಹಿಡಿದು ಈ ಕಡೆ ತಿರುಗಿಸಿದೆ. ಕುಂಯ್!

"ಬಿಡಬೇ ಯವ್ವಾ, ಅದು ನೋಡಾಕತ್ತೈತಿ!"

"ನೋಡ್ಲಿ ಬಿಡಲೇ. ನಾ ಏನ್ ಕಳವು ಮಾಡೀನೇನು? ನಿನ್ನ ಹೆಂಡ್ತಿ ಸಾರಿಗೆ ಉಪ್ಪು ಹಾಕಾಂಗಿಲ್ಲ, ಅದನ್ನ ಹೇಳಾಕತ್ತೀನಿ."

ಮಸ್ಕಿ ಮುಟ್ಟುವಷ್ಟರಲ್ಲಿ ಸಾರು ಮುಗಿದಿತ್ತು, ಪಲ್ಯ ಬಾಕಿ ಇತ್ತು. ಚಹಾಕ್ಕೆ ಕಾರು ನಿಲ್ಲಿಸಿದಾಗ ಸಾಬರ ಫೋನು ಬಂತು. "ಹನ್ನೊಂದು ಫೋಟೋ ಬಂದಾವು ಬಸವರಾಜ. ಸಂಜಿಗೆ ಕೀಲಿ ತಂದಿಡು." ಮಗನ ಮುಖ ಬಾಡಿತು. ನಾನು ಫೋನು ಕಸಿದುಕೊಂಡೆ.

"ನಿಮ್ಮ ಮಿಷನ್ ಸುಳ್ಳು ಹೇಳ್ತೈತ್ರಿ ಸಾಬರ. ನನ್ನ ಮಗ ಮೊಬೈಲ್ ಮುಟ್ಟಿಲ್ಲ!"

"ಮೊಬೈಲ್ ಎಲ್ಲೈತಿ ಅಮ್ಮಾ? ಹನ್ನೊಂದ್ರಾಗೂ ಅವನ ಗದ್ದ ಐತಿ. ಗದ್ದದ ಮ್ಯಾಲ ಹಸಿರು ಬಳಿ ತೊಟ್ಟ ಕೈ ಐತಿ."

ನಾನು ನನ್ನ ಬಳೆ ನೋಡಿಕೊಂಡೆ. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಕೈ ನಂದ್ರಿ. ಕೀಲಿ ಅವನ ಹತ್ರ ಇರ್ಲಿ. ನಾ ಹಿಂದ ಕೂಡ್ತೀನಿ."

ಸಾಬರು ನಕ್ಕರು. ಕೀಲಿ ಉಳಿಯಿತು.

ಮಸ್ಕಿಯಿಂದ ಹಿಂದಿನ ಸೀಟಿನಲ್ಲಿ ಕೂತು ಪಲ್ಯದ ವಿಷಯ ಶುರು ಮಾಡಿದೆ. ಮಗ ಹೂಂಗುಟ್ಟುತ್ತ ಹೋದ, ಒಂದು ಕುಂಯ್ ಇಲ್ಲ. ಲಿಂಗಸುಗೂರಿನಲ್ಲಿ ಇಳಿದು, "ನಾ ಇಷ್ಟೊತ್ತು ಏನ್ ಹೇಳಿದೆ ಹೇಳು?" ಅಂದೆ.

"ಸಾರಿಗೆ ಉಪ್ಪಿಲ್ಲ ಅಂದಿ."

ಅದು ಮಸ್ಕಿಗಿಂತ ಹಿಂದಿನ ಮಾತು! ಕಿವಿಗೂ ಒಂದು ಕಾವಲು ಹಾಕಿಸಲು ಸಾಬರಿಗೆ ಹೇಳೋಣವೆಂದು ಬಾಯಿ ತೆರೆದೆ. ಹೋದ ಸಲ ಕಾವಲು ಕೇಳಿ ಸಿಕ್ಕಿಬಿದ್ದವರು ಯಾರೆಂಬುದು ನೆನಪಾಗಿ ಮುಚ್ಚಿಕೊಂಡೆ.