ಒಂದು ವರ್ಷ ಕಮ್ಮಿ ಕನ್ನಡತಿ

ಯಾರು ಯಾವ ನಾಡಿನವರು ಎಂದು ತೀರ್ಮಾನಿಸುವುದು ಹೇಗೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇದೆ. ಸಾರಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ ನೋಡಿ ಹೇಳಬಹುದು. ಬಸ್ಸಿನಲ್ಲಿ ಕಾಲು ತುಳಿದಾಗ ಬಾಯಿಂದ ಬರುವ ಮಾತು ಕೇಳಿಯೂ ಹೇಳಬಹುದು. ತಮಿಳುನಾಡಿನ ಹೊಸೂರಿನ ಬಸ್ಸುಗಳಲ್ಲಿ ಹದಿನೆಂಟು ವರ್ಷ ನನ್ನ ಕಾಲು ತುಳಿದಿದ್ದಾರೆ. ಒಮ್ಮೆಯೂ ನಾನು ತಮಿಳಿನಲ್ಲಿ ಬೈಯಲಿಲ್ಲ. ಆದರೆ ಸರ್ಕಾರಕ್ಕೆ ಇದ್ಯಾವುದೂ ಬೇಡವಂತೆ. ಏಳು ವರ್ಷ ಕರ್ನಾಟಕದ ಶಾಲೆಯಲ್ಲಿ ಕೂತಿದ್ದಕ್ಕೆ ಕಾಗದ ಬೇಕಂತೆ. ಆರೂ ಅಲ್ಲದೆ ಎಂಟೂ ಅಲ್ಲದೆ ಏಳೇ ಏಕೆ ಎಂದು ಯಾರನ್ನು ಕೇಳುವುದೋ ತಿಳಿಯದು.

ಇದೆಲ್ಲ ಗೊತ್ತಾದದ್ದು ಮಗಳು ಚೈತ್ರಾಳ ದೆಸೆಯಿಂದ. ಹತ್ತನೇ ಕ್ಲಾಸಿನವರೆಗೆ ಹೊಸೂರಿನಲ್ಲಿ ಓದಿ, ನಾವು ಮಳವಳ್ಳಿಗೆ ಬಂದ ಮೇಲೆ ಇಲ್ಲಿ ಪಿಯುಸಿ ಮುಗಿಸಿದವಳು. ದನದ ಡಾಕ್ಟರೇ ಆಗಬೇಕೆಂದು ಹಟ. ಎದುರುಮನೆಯ ಎಮ್ಮೆ ಕೆಮ್ಮಿದರೆ ಊಟ ಬಿಟ್ಟು ಓಡುತ್ತಾಳೆ. ನಾನು ಕೆಮ್ಮಿದರೆ ಬಿಸಿನೀರು ಕುಡಿ ಎನ್ನುತ್ತಾಳೆ. ಅರ್ಜಿ ತುಂಬಿಸಲು ಹೋದಾಗ ಸೈಬರ್ ಅಂಗಡಿಯ ಸಲ್ಮಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಕ್ಕಾ, ಇವ್ಳು ಇಲ್ಲಿ ಏಳು ವರ್ಸ ಓದಿಲ್ಲ. ನೀವೋ ಇವ್ಳ ಅಪ್ಪನೋ ಓದಿದ್ರೂ ಆಯ್ತದೆ. ಇಲ್ಲಾಂದ್ರೆ ಸರ್ಕಾರಿ ಸೀಟಿಲ್ಲ, ಹೊರ ರಾಜ್ಯದೋರ ಫೀಸು. ಅದನ್ ಕೇಳುದ್ರೆ ದನಕ್ಕಲ್ಲ, ನಿಮ್ಗೇ ಡಾಕ್ಟ್ರು ಬೇಕಾಯ್ತದೆ."

ನಮ್ಮ ಯಜಮಾನರು ಹುಟ್ಟಿ ಓದಿದ್ದೆಲ್ಲ ಹೊಸೂರಿನಲ್ಲೇ. ಉಳಿದವಳು ನಾನು. ಅಜ್ಜಿಯ ಮನೆಯಲ್ಲಿದ್ದು ಕಿರುಗಾವಲಿನಲ್ಲಿ ಓದಿ, ಆಮೇಲೆ ಗಡಿ ದಾಟಿ ಸತ್ಯಮಂಗಲಕ್ಕೆ ಅಪ್ಪನ ಬಳಿ ಹೋದವಳು. ಮರುದಿನವೇ ತಾಯಿ ಮಗಳು ಕಿರುಗಾವಲಿನ ಬಸ್ಸು ಹತ್ತಿದೆವು.

ಹೆಡ್‌ಮಾಸ್ಟರು ಹಳೆಯ ದಾಖಲಾತಿ ಪುಸ್ತಕದ ಧೂಳು ಕೊಡವಿ ನನ್ನ ಹೆಸರು ಹುಡುಕಿದರು. ಬೆರಳು ಮಡಚಿ ಎಣಿಸಿದರು. "ಒಂದ್ನೇ ಕ್ಲಾಸಿಂದ ಆರ್ನೇ ಕ್ಲಾಸು. ಆರೇ ವರ್ಸ ಕಣವ್ವಾ. ಒಂದು ಕಮ್ಮಿ ಬತ್ತದೆ."

ಚೈತ್ರಾಳ ಮುಖ ಸಣ್ಣಗಾಯಿತು. ಆ ಕಮ್ಮಿಯಾದ ವರ್ಷ ಎಲ್ಲಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು. ಮಗಳಿಗೆ ಎರಡು ಮಾರ್ಕು ಕಡಿಮೆ ಬಂದಾಗಲೆಲ್ಲ "ನಾನು ಒಂದು ಕ್ಲಾಸಲ್ಲೂ ಫೇಲಾಗಿ ನಿಂತವಳಲ್ಲ" ಎಂದು ಅವಳ ತಲೆ ತಿಂದವಳು ನಾನು. ಈಗ ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಸೀಟು ಹೋಗುತ್ತದೆ.

"ಸಾರ್, ಐದನೇ ಕ್ಲಾಸಲ್ಲಿ ಎರಡು ವರ್ಷ ಕೂತಿದ್ದೆ," ಎಂದೆ, ಕಿಟಕಿಯಾಚೆ ನೋಡುತ್ತಾ.

ಅವರು ಸೇರಿದ ತಾರೀಕು, ಬಿಟ್ಟ ತಾರೀಕು ನೋಡಿ ಮೇಜು ಕುಟ್ಟಿದರು. "ಮದ್ಲೇ ಏಳ್ಬಾರ್ದಾ? ಪಾಸಾಗಿರ್ಬೇಕು ಅಂತ ಎಲ್ಲವ್ವಾ ಬರ್ದವ್ರೆ? ಓದಿರ್ಬೇಕು, ಅಷ್ಟೆಯಾ!"

ಸರ್ಟಿಫಿಕೇಟಿಗೆ ಮೊಹರು ಬಿತ್ತು. ವಾಪಸು ಬಸ್ಸಿನಲ್ಲಿ ಚೈತ್ರಾ ಮುಸುಮುಸು ನಗುತ್ತಲೇ ಇದ್ದಳು. ಕೋಪ ಬರಬೇಕಿತ್ತು, ಬರಲಿಲ್ಲ. ಅವಳು ನಕ್ಕಿದ್ದೇ ನನಗೆ ಸಮಾಧಾನವಾಗಿತ್ತು. ಕೊನೆಗೆ ಕಿವಿಯ ಬಳಿ ಬಗ್ಗಿ ಕೇಳಿದಳು: "ಅಮ್ಮಾ, ಫೇಲಾಗಿದ್ದು ಯಾವ ಸಬ್ಜೆಕ್ಟಲ್ಲಿ?"

"ಲೆಕ್ಕದಲ್ಲಿ," ಎಂದೆ ಥಟ್ಟನೆ.

ಸುಳ್ಳು. ಆದರೆ ಕನ್ನಡನಾಡಿನವಳೆಂಬ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡದಲ್ಲೇ ಫೇಲಾಗಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ?